ಗಡ್ಡೆಯ ಚೀಲಕ್ಕೇ ಮದ್ದು

ಕ್ರೇನಿಯೋಫ್ಯಾರಿಂಜಿಯೋಮಾ ಎಂಬ ಮೆದುಳುಗಡ್ಡೆ ಕ್ಯಾನ್ಸರ್ ಅಲ್ಲ. ಆದರೆ ಅದು ಬೆಳೆಯುವ ಜಾಗವೇ ಅಪಾಯದ್ದು: ಪಿಟ್ಯುಟರಿ ಗ್ರಂಥಿಯ ಹತ್ತಿರ, ಕಣ್ಣಿನ ನರಗಳ ಪಕ್ಕ, ಹೈಪೊಥಲಾಮಸ್‌ಗೆ ಅಂಟಿಕೊಂಡು. ಮಕ್ಕಳಲ್ಲಿ ಇದರ ಬಹುಪಾಲು ದ್ರವ ತುಂಬಿದ ಚೀಲ. ಆ ದ್ರವ ಹಳೆಯ ಎಂಜಿನ್ ಆಯಿಲ್‌ನಂತೆ ಕಪ್ಪುಗಂದು. ಅದರಲ್ಲಿ ಕೊಲೆಸ್ಟರಾಲ್ ಹರಳುಗಳು ಮಿನುಗುತ್ತಿರುತ್ತವೆ. ಗಡ್ಡೆಯನ್ನು ಪೂರ್ತಿ ತೆಗೆಯಲು ಹೋಗಿ ಹೈಪೊಥಲಾಮಸ್‌ಗೆ ಪೆಟ್ಟಾದರೆ ಮಗುವಿಗೆ ತಣಿಯದ ಹಸಿವು, ಏರುತ್ತಲೇ ಹೋಗುವ ತೂಕ. ವಿಕಿರಣ ಕೊಡೋಣವೆಂದರೆ ಮೂರ್ನಾಲ್ಕು ವರ್ಷದ ಮಗುವಿನ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಈ ಇಕ್ಕಟ್ಟೇ ಚೀಲಕ್ಕೆ ನೇರವಾಗಿ ಮದ್ದು ಬಿಡುವ ಚಿಕಿತ್ಸೆಗೆ ದಾರಿ ಮಾಡಿತು.

ಅದಕ್ಕೆ ಬೇಕಾದ ಸಾಧನ ಸರಳ. ಆಯೂಬ್ ಒಮ್ಮಾಯಾ 1963ರಲ್ಲಿ ಮೆದುಳಿನ ಕುಹರಗಳಿಗಾಗಿ ರೂಪಿಸಿದ ಪುಟ್ಟ ಸಿಲಿಕೋನ್ ರಿಸರ್ವಾಯರನ್ನು ನೆತ್ತಿಯ ಚರ್ಮದಡಿ ಕೂರಿಸಿ, ಅದರ ನಳಿಕೆಯನ್ನು ಚೀಲದೊಳಕ್ಕೆ ಇಳಿಸುತ್ತಾರೆ. ಸಣ್ಣ ಸೂಜಿಯಿಂದ ದ್ರವ ಹೀರಬಹುದು, ಮದ್ದು ಬಿಡಬಹುದು. ಪ್ರಶ್ನೆ ಇರುವುದು ಯಾವ ಮದ್ದು ಎಂಬಲ್ಲಿ. ಸ್ವೀಡನ್ನಿನಲ್ಲಿ ಲೆಕ್ಸೆಲ್ 1950ರ ದಶಕದಲ್ಲೇ ವಿಕಿರಣಶೀಲ ರಂಜಕ ಬಳಸಿದ್ದರು. 1985ರಲ್ಲಿ ಜಪಾನಿನ ತಕಹಾಶಿ ಬ್ಲಿಯೊಮೈಸಿನ್ ಎಂಬ ಕ್ಯಾನ್ಸರ್ ಮದ್ದಿನ ಪ್ರಯೋಗದ ವರದಿ ಕೊಟ್ಟರು. ಇದು ಚೀಲವನ್ನು ಕುಗ್ಗಿಸುತ್ತದೆ, ನಿಜ. ಆದರೆ ಹೊರಗೆ ಸೋರಿದರೆ ದೃಷ್ಟಿ, ಶ್ರವಣ ಹೋಗಬಹುದು, ಪ್ರಾಣಕ್ಕೂ ಎರವಾಗಬಹುದು. ಇದರ ಬಗ್ಗೆ ನಡೆದ ಕಾಕ್ರೇನ್ ಪರಿಶೀಲನೆಗೆ ಸಿಕ್ಕ ಯಾದೃಚ್ಛಿಕ ಪ್ರಯೋಗ ಒಂದೇ, ಅದರಲ್ಲಿದ್ದ ಮಕ್ಕಳು ಏಳು. ಇಷ್ಟು ತೆಳುವಾದ ಆಧಾರದ ಮೇಲೆ ಇಂಥ ಮದ್ದನ್ನು ಮಗುವಿನ ತಲೆಗೆ ಬಿಡುವುದನ್ನು ನಾನು ಒಪ್ಪಲಾರೆ.

ಸಾವೊ ಪೌಲೊದ ಸೆರ್ಜಿಯೊ ಕವಲೈರೊ ಬಳಕೆಗೆ ತಂದ ಇಂಟರ್‌ಫೆರಾನ್ ಆಲ್ಫಾ ಬಗ್ಗೆ ಮಾತ್ರ ನನಗೆ ಭರವಸೆಯಿದೆ. ಸೋರಿದರೂ ಅದರ ಹಾನಿ ಬಹುಮಟ್ಟಿಗೆ ಜ್ವರ, ಸುಸ್ತು, ತಲೆನೋವಿನಷ್ಟು. 2010ರಲ್ಲಿ 60 ಮಕ್ಕಳ ಫಲಿತಾಂಶ ಪ್ರಕಟವಾದಾಗ ಹೆಚ್ಚಿನವರಲ್ಲಿ ಗಡ್ಡೆ ಅರ್ಧಕ್ಕೂ ಮೀರಿ ಕುಗ್ಗಿತ್ತು. ಆದರೂ ಈ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. ಇಂಥ ಚಿಕಿತ್ಸೆಗೆ ಹೆಚ್ಚಾಗಿ ಆರಿಸುವುದೇ ದೊಡ್ಡ ಚೀಲವಿರುವ ಮಕ್ಕಳನ್ನು. ಗಡ್ಡೆಯ ಗಟ್ಟಿ ಭಾಗದ ಮೇಲೆ ಈ ಮದ್ದಿನ ಪರಿಣಾಮ ಅಷ್ಟಕ್ಕಷ್ಟೇ. ದ್ರವ ಹೀರಿದರೂ ಚೀಲ ಕುಗ್ಗುತ್ತದೆ, ಮದ್ದಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮೇಲಾಗಿ, ಸ್ಕ್ಯಾನಿನಲ್ಲಿ ಅಳತೆ ಇಳಿದ ಮಾತ್ರಕ್ಕೆ ಮಗು ಕಪ್ಪುಹಲಗೆ ಓದುತ್ತಿದೆ, ತೂಕ ಹಿಡಿತದಲ್ಲಿದೆ ಎಂದಾಗುವುದಿಲ್ಲ. ನನಗೆ ಮುಖ್ಯವಾದ ಅಳತೆಗಳು ಇವೇ.

ಎಷ್ಟೋ ಮಕ್ಕಳಿಗೆ ಮುಂದೆ ಶಸ್ತ್ರಚಿಕಿತ್ಸೆಯೋ ವಿಕಿರಣವೋ ಬೇಕೇ ಆಗುತ್ತದೆ. ಹಾಗೆಂದು ಇದನ್ನು ಸೋಲೆನ್ನಲಾರೆ. ನಾಲ್ಕರ ವಯಸ್ಸಿಗೆ ಬರಬೇಕಾದ ವಿಕಿರಣ ಎಂಟಕ್ಕೆ ಬಂದರೆ, ನಡುವಿನ ಆ ವರ್ಷಗಳಲ್ಲಿ ಮಗುವಿನ ಮೆದುಳು ಬಹಳಷ್ಟು ಬೆಳೆದಿರುತ್ತದೆ.

ಆದರೆ ಈ ಮದ್ದೇ ಸಿಗುವುದು ಕಷ್ಟವಾಗಿದೆ. ಇಂಟರ್‌ಫೆರಾನ್ ಬಳಸುತ್ತಿದ್ದ ಹೆಪಟೈಟಿಸ್‌ಗೆ ಉತ್ತಮ ಮಾತ್ರೆಗಳು ಬಂದ ಮೇಲೆ ಅದರ ಬೇಡಿಕೆ ಕುಸಿಯಿತು. ಮರ್ಕ್ ಕಂಪನಿ ತನ್ನ ಇಂಟರ್‌ಫೆರಾನ್ ಆಲ್ಫಾ-2ಬಿ ತಯಾರಿಕೆ ನಿಲ್ಲಿಸಿತು. ಇಷ್ಟು ವಿರಳ ರೋಗದ ಮಕ್ಕಳಿಗಾಗಿ ಒಂದು ಮದ್ದನ್ನು ಉಳಿಸಿಕೊಳ್ಳುವ ಏರ್ಪಾಡು ಇಲ್ಲದಿರುವುದು ಈ ಚಿಕಿತ್ಸೆಗೆ ಬಿದ್ದ ಅತಿ ದೊಡ್ಡ ಪೆಟ್ಟು. ಇನ್ನೊಂದು ದಾರಿಯನ್ನೂ ಹುಡುಕುತ್ತಿದ್ದಾರೆ. ಚೀಲದ ದ್ರವದಲ್ಲಿ ಉರಿಯೂತದ ಸಂಕೇತವಾದ ಇಂಟರ್‌ಲ್ಯೂಕಿನ್-6 ಹೆಚ್ಚಿರುವುದು ಗೊತ್ತಾದ ಮೇಲೆ, ಅದನ್ನು ತಡೆಯುವ ಟೊಸಿಲಿಝುಮ್ಯಾಬನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದ್ದಾರೆ. ಕೆಲವು ಮಕ್ಕಳಲ್ಲಿ ಚೀಲ ಕುಗ್ಗಿದೆ. ಮಕ್ಕಳ ಸಂಖ್ಯೆ ಇನ್ನೂ ತೀರ ಸಣ್ಣದು. ಈ ಫಲಿತಾಂಶ ದೊಡ್ಡ ಪ್ರಯೋಗದಲ್ಲೂ ನಿಂತರೆ ತಲೆಗೆ ನಳಿಕೆ ಇಳಿಸುವ ಅಗತ್ಯವೇ ಇರುವುದಿಲ್ಲ.