ಎಣಿಕೆಯೂ ವ್ಯಾಖ್ಯಾನವೂ: ಜೇನಿನ ವಂಶವಾಹಿ ಸಂಶೋಧನೆಯ ಒಂದು ವಿಮರ್ಶೆ

ಪ್ರಾಚೀನ ಶಾಸ್ತ್ರಗ್ರಂಥಗಳಲ್ಲಿ ಸೂತ್ರವೂ ವೃತ್ತಿಯೂ ಬೇರೆಬೇರೆಯಾಗಿ ನಿಲ್ಲುವುವು. ಯಾವುದು ಮೂಲ, ಯಾವುದು ಅದಕ್ಕೆ ಹೇಳಿದ ಅರ್ಥ ಎಂಬುದನ್ನು ವಾಚಕನು ಸುಲಭವಾಗಿ ವಿಂಗಡಿಸಿಕೊಳ್ಳಬಲ್ಲನು. ಆಧುನಿಕ ಜೀವವಿಜ್ಞಾನದ ಲೇಖನಗಳಲ್ಲಾದರೋ ಇವೆರಡೂ ಒಂದೇ ಗದ್ಯದಲ್ಲಿ ಬೆರೆತುಕೊಂಡಿರುವುವು. ಸಂಶೋಧಕನು ಕಂಡು ಎಣಿಸಿದ್ದು ಮೂಲ. ಆ ಎಣಿಕೆಗೆ ಅವನು ಕೊಟ್ಟ ಅರ್ಥ ವ್ಯಾಖ್ಯಾನ. ಲೇಖನವು ಪಂಡಿತರ ಕೈಯಿಂದ ಜನಪ್ರಿಯ ಗ್ರಂಥಗಳಿಗೂ ಅಲ್ಲಿಂದ ಪಾಠಶಾಲೆಗಳಿಗೂ ಇಳಿದು ಬರುವಾಗ ಮೂಲವು ಮರೆಯಾಗಿ, ವ್ಯಾಖ್ಯಾನವೇ ಮೂಲದ ಸ್ಥಾನವನ್ನು ಪಡೆಯುವುದುಂಟು. ಜೇನುಹುಳುಗಳನ್ನೂ, ಅವುಗಳನ್ನು ಪೀಡಿಸುವ ರೋಗಾಣು ಪರೋಪಜೀವಿಗಳನ್ನೂ, ಅವುಗಳ ಕರುಳಿನಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳನ್ನೂ ಕುರಿತು 1964ರಿಂದ ಈಚೆಗೆ ಬೆಳೆದಿರುವ ವಂಶವಾಹಿ ಸಂಶೋಧನೆಯ ಸಾಹಿತ್ಯವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಈ ಸಂಶೋಧನೆಯ ಮುಖ್ಯವಸ್ತು ಏಪಿಸ್ ಮೆಲ್ಲಿಫೆರ ಎಂಬ ಪಾಶ್ಚಾತ್ಯ ಸಾಕುಜೇನು. ಕನ್ನಡನಾಡಿನ ತುಡುವೆಯೂ ಹೆಜ್ಜೇನೂ ಅದರ ದಾಯಾದಿಗಳು.

ಮೊದಲು ಪರಿಶೀಲಿಸತಕ್ಕದ್ದು ಅಮೆರಿಕದ ವಾಲ್ಟರ್ ರಾಥೆನ್‌ಬ್ಯೂಲರ್ 1964ರಲ್ಲಿ ಪ್ರಕಟಿಸಿದ ಪ್ರಬಂಧ. ಫೌಲ್‌ಬ್ರೂಡ್ ಎಂಬ ಬ್ಯಾಕ್ಟೀರಿಯ ರೋಗವು ಜೇನಿನ ಮರಿಹುಳುಗಳನ್ನು ಕೊಲ್ಲುವುದು. ಕೆಲವು ಕುಟುಂಬಗಳಲ್ಲಿ ಕೆಲಸಗಾರ ಜೇನುಗಳು ಸತ್ತ ಮರಿಯಿರುವ ಕೋಶದ ಮೇಣದ ಮುಚ್ಚಳವನ್ನು ತೆರೆದು, ಹೆಣವನ್ನು ಹೊರಕ್ಕೆ ಹಾಕಿ ಎರಿಯನ್ನು ಶುಚಿಮಾಡುವುವು. ಮತ್ತೆ ಕೆಲವು ಕುಟುಂಬಗಳಲ್ಲಿ ಹಾಗೆ ಮಾಡವು. ರಾಥೆನ್‌ಬ್ಯೂಲರ್ ಈ ಎರಡು ತಳಿಗಳನ್ನು ಕೂಡಿಸಿದಾಗ ಹುಟ್ಟಿದ ಮಿಶ್ರಸಂತಾನವು ಶುಚಿಮಾಡಲಿಲ್ಲ. ಆ ಮಿಶ್ರಸಂತಾನದ ಗಂಡುಜೇನುಗಳನ್ನು ಶುಚಿತಳಿಯ ರಾಣಿಗಳೊಡನೆ ಮತ್ತೆ ಕೂಡಿಸಿದರು. ಗಂಡುಜೇನು ಫಲಿಸದ ಮೊಟ್ಟೆಯಿಂದ ಹುಟ್ಟುವುದಾದ್ದರಿಂದ ಅದರಲ್ಲಿ ವಂಶವಾಹಿಗಳ ಒಂದೇ ಕಂತೆಯಿರುವುದು. ಆದಕಾರಣ ಒಂದೊಂದು ಗಂಡಿನಿಂದ ಬೆಳೆದ ಒಂದೊಂದು ಕುಟುಂಬವೂ ಒಂದೊಂದು ಸಂಯೋಜನೆಯ ಪರೀಕ್ಷೆಯಾಗುವುದು.

ಹೀಗೆ ಪಡೆದ 29 ಕುಟುಂಬಗಳಲ್ಲಿ 6 ಕುಟುಂಬಗಳು ಮುಚ್ಚಳವನ್ನು ತೆರೆದು ಹೆಣವನ್ನೂ ತೆಗೆದುವು. 9 ಕುಟುಂಬಗಳು ಮುಚ್ಚಳವನ್ನು ತೆರೆದು ಅಷ್ಟಕ್ಕೇ ನಿಂತುವು. ಉಳಿದ 14 ಏನನ್ನೂ ಮಾಡಲಿಲ್ಲ. ಈ ಪ್ರಬಂಧದ ಹಿರಿಮೆಯಿರುವುದು ಮುಂದಿನ ಹೆಜ್ಜೆಯಲ್ಲಿ. ಏನನ್ನೂ ಮಾಡದ ಆ 14 ಕುಟುಂಬಗಳ ಎರಿಗಳಲ್ಲಿ ಸಂಶೋಧಕನು ತಾನೇ ಮುಚ್ಚಳವನ್ನು ತೆಗೆದು ನೋಡಲಾಗಿ, 6 ಕುಟುಂಬಗಳು ಹೆಣವನ್ನು ಹೊರಹಾಕಿದುವು, 8 ಹಾಕಲಿಲ್ಲ. ಹೊರಗೆ ಒಂದೇ ಆಗಿ ತೋರಿದ ನಿಷ್ಕ್ರಿಯೆಯೊಳಗೆ ಎರಡು ಬಗೆಗಳು ಅಡಗಿದ್ದುವೆಂಬುದು ಹೀಗೆ ಬೆಳಕಿಗೆ ಬಂದಿತು. ನಾಲ್ಕು ವರ್ಗಗಳು ಹೆಚ್ಚುಕಡಮೆ ಸಮಪಾಲಾಗಿ ನಿಂತುದರಿಂದ, ತೆರೆಯುವುದಕ್ಕೆ ಒಂದು, ತೆಗೆಯುವುದಕ್ಕೆ ಒಂದು, ಹೀಗೆ ಎರಡು ವಂಶವಾಹಿ ನೆಲೆಗಳಿವೆಯೆಂದು ಅರ್ಥ ಹೇಳಲಾಯಿತು.

ಈ ಅರ್ಥಕ್ಕೆ ಕಥೆಯ ಸೊಗಸಿದೆ. ರಿಚರ್ಡ್ ಡಾಕಿನ್ಸ್ 1976ರ ತಮ್ಮ ‘ದಿ ಸೆಲ್ಫಿಷ್ ಜೀನ್’ ಗ್ರಂಥದಲ್ಲಿ ಇದನ್ನು ವರ್ಣಿಸಿದ ಮೇಲೆ ಇದು ಬಹುದೂರ ಹಬ್ಬಿತು. ಆದರೆ 1988ರಲ್ಲಿ ಮೊರಿಟ್ಸ್ ಅದೇ ಎಣಿಕೆಯನ್ನು ಮರುಪರಿಶೀಲಿಸಿ, ಎರಡು ನೆಲೆಗಳ ಕಲ್ಪನೆ ಸಾಲುವುದೇ ಎಂಬ ಶಂಕೆಯನ್ನೆತ್ತಿದರು. 2002ರಲ್ಲಿ ಲ್ಯಾಪಿಡ್ಜ್, ಓಲ್ಡ್‌ರಾಯ್ಡ್, ಸ್ಪಿವಾಕ್ ಎಂಬವರು ವಂಶವಾಹಿ ನಕ್ಷೆಯ ಸಹಾಯದಿಂದ, ಈ ನಡವಳಿಕೆಗೆ ಸಂಬಂಧಪಟ್ಟಿರಬಹುದಾದ ಏಳು ನೆಲೆಗಳನ್ನು ಸೂಚಿಸಿದರು. ಒಂದೊಂದರ ಪ್ರಭಾವವೂ ಅಲ್ಪ. 1964ರ ಎಣಿಕೆ ಇದರಿಂದ ಸುಳ್ಳಾಗಲಿಲ್ಲ. ಶುಚಿಗುಣವು ವಂಶಾನುಗತವೆಂಬ ಮಾತೂ ಉಳಿಯಿತು. ‘ಎರಡೇ’ ಎಂಬ ವ್ಯಾಖ್ಯಾನ ಮಾತ್ರ ಸಡಿಲವಾಯಿತು. ಇದು ಕೇವಲ ಪಂಡಿತರ ಚರ್ಚೆಯಲ್ಲ. ಎರಡೇ ವಂಶವಾಹಿಗಳಾದರೆ ಜೇನುಸಾಕಣೆಗಾರನು ಕೆಲವೇ ತಲೆಮಾರುಗಳಲ್ಲಿ ಶುಚಿತಳಿಯನ್ನು ಸ್ಥಿರಪಡಿಸಬಹುದು. ಅನೇಕವಾದರೆ ತಲೆಮಾರು ತಲೆಮಾರಿಗೂ ಪರೀಕ್ಷಿಸಿ ಆರಿಸುತ್ತಿರಬೇಕಾಗುವುದು.

ಎರಡನೆಯದು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಜೇನಿನ ಸಮಗ್ರ ವಂಶವಾಹಿ ಪಾಠ. ಅದರೊಡನೆ ಹೊರಬಂದ ಇವಾನ್ಸ್ ಮತ್ತು ಅವರ ಸಂಗಡಿಗರ ಲೇಖನವು ರೋಗನಿರೋಧಕ್ಕೆ ಸಂಬಂಧಿಸಿದ 17 ವಂಶವಾಹಿ ಕುಲಗಳನ್ನು ಪರೀಕ್ಷಿಸಿ, ಹಣ್ಣಿನ ನೊಣ ಮತ್ತು ಸೊಳ್ಳೆಗಳಲ್ಲಿರುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ ಜೇನಿನಲ್ಲಿದೆಯೆಂದು ತಿಳಿಸಿತು. ಸಾವಿರಾರು ಹುಳುಗಳು ಒತ್ತೊತ್ತಾಗಿ ಬಾಳುವ ಗೂಡಿನಲ್ಲಿ ರೋಗವು ಬೇಗ ಹರಡಬೇಕಷ್ಟೆ. ಹಾಗಿದ್ದೂ ಈ ಕೊರತೆ ಏತಕ್ಕೆ? ಲೇಖಕರು ಎರಡು ಪಕ್ಷಗಳನ್ನು ಮುಂದಿಟ್ಟರು. ಶುಚಿಕಾರ್ಯವೇ ಮೊದಲಾದ ಸಾಮಾಜಿಕ ರಕ್ಷಣೆ ಬಲವಾಗಿರುವುದರಿಂದ ಒಂಟಿ ಹುಳುವಿನ ಸ್ವಂತ ರಕ್ಷಣೆ ಕಡಮೆಯಾಗಿರಬಹುದೆಂಬುದು ಒಂದು. ಜೇನನ್ನು ಪೀಡಿಸುವ ರೋಗಾಣುಗಳು ಅದರೊಡನೆಯೇ ವಿಕಾಸಗೊಂಡ ಕೆಲವೇ ಜಾತಿಗಳಾಗಿರಬಹುದೆಂಬುದು ಇನ್ನೊಂದು. ಮೂಲಲೇಖನದ ಈ ಸಂಯಮ ಶ್ಲಾಘ್ಯವಾದುದು. ಆದರೆ ಮನಸ್ಸನ್ನು ಸೆಳೆಯತಕ್ಕದ್ದು ಮೊದಲನೆಯ ಪಕ್ಷವೇ. ಸಮಾಜವು ಕಾಪಾಡುವಲ್ಲಿ ವ್ಯಕ್ತಿಯು ಆಯುಧವನ್ನು ಕೆಳಗಿಡುವನೆಂಬ ನೀತಿ ಅದರಲ್ಲಿ ತಾನಾಗಿಯೇ ಮೂಡುವುದು; ಮನುಷ್ಯಸಮಾಜಕ್ಕೆ ಹೋಲಿಸಲು ಅದು ಬಹು ಅನುಕೂಲ.

ಇಲ್ಲಿ ತರ್ಕದ ಒಂದು ತೊಡಕಿದೆ. ಜೇನು ಸಂಘಜೀವಿ, ನೊಣವೂ ಸೊಳ್ಳೆಯೂ ಅಲ್ಲ. ಇದು ಒಂದು ಭೇದ. ಜೇನು ಒಂದು ವಂಶಶಾಖೆಗೂ ಅವೆರಡು ಮತ್ತೊಂದು ಶಾಖೆಗೂ ಸೇರಿದುವು. ಇದು ಎರಡನೆಯ ಭೇದ. ಎಣಿಕೆಯ ವ್ಯತ್ಯಾಸಕ್ಕೆ ಈ ಎರಡರಲ್ಲಿ ಯಾವುದು ಕಾರಣವೆಂಬುದನ್ನು ಮೂರೇ ಕೀಟಗಳ ಹೋಲಿಕೆಯಿಂದ ನಿರ್ಣಯಿಸಲು ಬಾರದು. ಒಂದೇ ಮಾತೃಕೆಯಿಂದ ಇಳಿದ ಪ್ರತಿಗಳೆಲ್ಲ ಒಂದೇ ಲೋಪವನ್ನು ತೋರುತ್ತಿದ್ದರೆ ಆ ಲೋಪವನ್ನು ಕೊನೆಯ ಲಿಪಿಕಾರನ ಮೇಲೆ ಹೊರಿಸಲಾಗದೆಂಬುದನ್ನು ಗ್ರಂಥಸಂಪಾದಕರು ಬಲ್ಲರು. ಇಲ್ಲಿ ಬೇಕಾಗಿದ್ದುದು ಜೇನಿನ ಶಾಖೆಗೇ ಸೇರಿ, ಸಂಘಜೀವನವಿಲ್ಲದ ಒಂದು ಜಾತಿಯ ಸಾಕ್ಷ್ಯ. ಅದು 2015ರಲ್ಲಿ ದೊರೆಯಿತು. ಬಂಬಲ್ ಎಂಬ ರೋಮಶ ಜೇನಿನ ಎರಡು ಜಾತಿಗಳ ಪಾಠವನ್ನು ಪರಿಶೀಲಿಸಿದ ಬ್ಯಾರಿಬೋ ಮತ್ತು ಸಂಗಡಿಗರು, ಎಲೆಯನ್ನು ಕತ್ತರಿಸಿ ಗೂಡುಕಟ್ಟುವ ಮೆಗಾಕೈಲ್ ಎಂಬ ಒಂಟಿಜೇನನ್ನೂ ಹೋಲಿಕೆಗೆ ತೆಗೆದುಕೊಂಡರು. ಅದರಲ್ಲಿಯೂ ನಿರೋಧಕ ವಂಶವಾಹಿಗಳು ಕಡಮೆಯಾಗಿಯೇ ಇದ್ದುವು. ಆದ್ದರಿಂದ ಈ ಕೊರತೆ ಸಂಘಜೀವನಕ್ಕಿಂತ ಹಿಂದಿನದು. ಸಂಘಜೀವನವನ್ನು ಅದಕ್ಕೆ ಕಾರಣವೆನ್ನಲಾಗದು.

ಎಣಿಕೆಯಾದರೂ ಅಚಲವೇ ಎಂದರೆ, ಅದೂ ಅಲ್ಲ. 2006ರಲ್ಲಿ ಸುಮಾರು 10,000 ವಂಶವಾಹಿಗಳೆಂದು ಕೊಟ್ಟ ಲೆಕ್ಕಕ್ಕೆ 2014ರ ಪರಿಷ್ಕೃತ ಪಾಠವು ಮತ್ತೆ ಸುಮಾರು 5,000ವನ್ನು ಸೇರಿಸಿತು. ಮೂಲವೆಂದು ಹಿಡಿದದ್ದೂ ಒಂದು ಸಂಪಾದಿತ ಪಾಠವೇ. ಅಲ್ಲದೆ, ವಂಶವಾಹಿಗಳು ಕಡಮೆಯಾದ ಮಾತ್ರಕ್ಕೆ ರಕ್ಷಣೆ ದುರ್ಬಲವೆಂದು ಹೇಳುವಂತಿಲ್ಲ.

ಮೂರನೆಯ ಪ್ರಶ್ನೆ ಗ್ರಂಥದ ಎಲ್ಲೆಯನ್ನು ಕುರಿತದ್ದು. ಮೇಲಿನ ಚರ್ಚೆಯೆಲ್ಲವೂ ಜೇನಿನ ವಂಶವಾಹಿಗಳನ್ನೇ ಎಣಿಸಿತು. ಆದರೆ ಜೇನಿನ ಕರುಳಿನಲ್ಲಿ ಅದಕ್ಕೇ ವಿಶಿಷ್ಟವಾದ ಬ್ಯಾಕ್ಟೀರಿಯಗಳಿವೆ; ಅವುಗಳಲ್ಲಿ ಎರಡಕ್ಕೆ ಕ್ವಾಂಗ್ ಮತ್ತು ಮೊರಾನ್ 2013ರಲ್ಲಿ ಸ್ನಾಡ್‌ಗ್ರಾಸೆಲ್ಲ, ಗಿಲಿಯಮೆಲ್ಲ ಎಂಬ ಹೆಸರುಗಳನ್ನಿಟ್ಟರು. ಕಾಖ್ ಮತ್ತು ಶ್ಮಿಡ್-ಹೆಂಪೆಲ್ 2011ರಲ್ಲಿ ಬಂಬಲ್ ಜೇನಿನ ಮೇಲೆ ಮಾಡಿದ ಪ್ರಯೋಗದಲ್ಲಿ, ಗೂಡಿನ ಒಡನಾಡಿಗಳ ಮಲದ ಮೂಲಕ ಇಂಥ ಕರುಳಿನ ಜೀವಿಗಳನ್ನು ಪಡೆದ ಹುಳುಗಳು ಕ್ರಿತಿಡಿಯ ಎಂಬ ಪರೋಪಜೀವಿಯನ್ನು ಹೆಚ್ಚಾಗಿ ತಡೆದುಕೊಂಡುವು. ಪಡೆಯದ ಹುಳುಗಳು ಹೆಚ್ಚು ಸೋಂಕಿಗೆ ಗುರಿಯಾದುವು. 2020ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಸ್ನಾಡ್‌ಗ್ರಾಸೆಲ್ಲವನ್ನೇ ಮಾರ್ಪಡಿಸಿ, ಅದು ತಯಾರಿಸುವ ಆರ್‌ಎನ್‌ಎ ಜೇನಿನ ಸ್ವಂತ ನಿರೋಧವನ್ನು ಎಚ್ಚರಿಸುವಂತೆ ಮಾಡಿ, ರೆಕ್ಕೆಗಳನ್ನು ವಿರೂಪಗೊಳಿಸುವ ವೈರಸ್ಸನ್ನೂ ವರೋವ ಎಂಬ ಉಣ್ಣಿಯನ್ನೂ ತಡೆಯಬಹುದೆಂದು ಪ್ರಯೋಗಶಾಲೆಯಲ್ಲಿ ತೋರಿಸಿದರು. ರಕ್ಷಣೆಯ ಒಂದು ಭಾಗವು ಜೇನಿನ ಪಾಠದ ಹೊರಗೆ ಬರೆದಿರುವುದೆಂದಾಯಿತು. ಒಂದೆಡೆ ಬಾಧಿತವಾದ ಸಮಾಜಪಕ್ಷವು ಇನ್ನೊಂದೆಡೆ ಹೊಸ ರೂಪದಲ್ಲಿ ಹಿಂದಿರುಗಿದುದೂ ಇಲ್ಲಿ ಗಮನಾರ್ಹ: ಸಂಘಜೀವನವು ವಂಶವಾಹಿಗಳನ್ನು ಕಡಮೆಮಾಡಿತೆಂಬುದು ನಿಲ್ಲದಿದ್ದರೂ, ರಕ್ಷಕ ಜೀವಿಗಳು ಹುಳುವಿನಿಂದ ಹುಳುವಿಗೆ ದಾಟುವುದಕ್ಕೆ ಸಂಘಜೀವನವೇ ದಾರಿ.

ವ್ಯಾಖ್ಯಾನಗಳು ಹೀಗೆ ಬಿದ್ದುಹೋಗುವುದಾದರೆ ಅವನ್ನು ಬಿಟ್ಟು ಎಣಿಕೆಗಳನ್ನಷ್ಟೇ ಬರೆಯಬಾರದೇಕೆ ಎಂಬ ಆಕ್ಷೇಪ ಬರಬಹುದು. ಅದು ಸಲ್ಲದು. ಎರಡು ವಂಶವಾಹಿಗಳ ಕಲ್ಪನೆಯಿಲ್ಲದಿದ್ದರೆ 14 ಕುಟುಂಬಗಳ ಮುಚ್ಚಳವನ್ನು ಕೈಯಿಂದ ತೆಗೆದು ನೋಡುವ ಯೋಚನೆಯೇ ಹುಟ್ಟುತ್ತಿರಲಿಲ್ಲ. ಸಮಾಜರಕ್ಷಣೆಯ ಪಕ್ಷವಿಲ್ಲದಿದ್ದರೆ ಒಂಟಿಜೇನಿನ ಸಾಕ್ಷ್ಯಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ. ದೋಷವು ವ್ಯಾಖ್ಯಾನ ಮಾಡುವುದರಲ್ಲಿಲ್ಲ, ಅದನ್ನು ಮೂಲವೆಂದು ಪಾಠ ಹೇಳುವುದರಲ್ಲಿದೆ. ವೈಜ್ಞಾನಿಕ ಗದ್ಯವನ್ನು ತರಗತಿಯಲ್ಲಿ ಬೋಧಿಸುವ ಉಪಾಧ್ಯಾಯರು ಇಂಥ ಪ್ರಬಂಧವನ್ನು ಕೈಗೆತ್ತಿಕೊಂಡಾಗ ವಿದ್ಯಾರ್ಥಿಗಳಿಂದ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆಯಿಸುವುದು ಉಚಿತ: ಎಣಿಸಿದ್ದು ಏನನ್ನು, ಹೋಲಿಸಿದ್ದು ಯಾವುದರೊಡನೆ, ಇನ್ನಾವುದರೊಡನೆ ಹೋಲಿಸಿದ್ದರೆ ಅರ್ಥವು ಬದಲಾಗುತ್ತಿತ್ತು. 2006ರ ಲೇಖನಕ್ಕೆ ಮೂರನೆಯ ಪ್ರಶ್ನೆಯನ್ನು ಹಾಕಿದ್ದರೆ, ಒಂಟಿಜೇನೆಂಬ ಉತ್ತರವು ಒಂಬತ್ತು ವರ್ಷ ಮೊದಲೇ ಹೊಳೆಯಬಹುದಾಗಿತ್ತು.