ರಸ್ತೆ ಸೀನಿನ ಮುಂದೆ ನಿಂತವರು

ಪಶ್ಚಿಮದ ಚಿತ್ರಕಲೆ ನಮ್ಮಲ್ಲಿಗೆ ಬಂದ ಕಥೆಯನ್ನು ವಿಮರ್ಶಕರು ರವಿವರ್ಮನಿಂದ ಶುರು ಮಾಡುತ್ತಾರೆ, ಆಮೇಲೆ ಜೆ.ಜೆ. ಶಾಲೆ, ಹಾಲಭಾವಿ, ವೆಂಕಟಪ್ಪ. ಗೊತ್ತಿರುವುದೇ, ಬಿಡಿ. ರವಿವರ್ಮನ ಅಚ್ಚಿನ ಪಟಗಳು ಬನಹಟ್ಟಿಯ ನೇಕಾರನ ಜಗಲಿಗೂ ಬಂದವು, ನಿಜ. ಬಂದ ದಿನವೇ ಕುಂಕುಮ ಹಚ್ಚಿಸಿಕೊಂಡು ದೇವರಾದವು. ಜಮಖಂಡಿ, ಮುಧೋಳ ಸೀಮೆಯ ಜನ ಯುರೋಪಿನ ಚಿತ್ರವನ್ನು ಚಿತ್ರವೆಂದೇ ನೋಡಿದ್ದು ನಾಟಕದ ಪರದೆಯ ಮೇಲೆ. ಅದರ ಬಗ್ಗೆ ನಮ್ಮ ಕಲಾವಿಮರ್ಶೆಗೆ ಬಾಯಿಯೇ ಇಲ್ಲ.

ಕಂಪನಿ ನಾಟಕದಲ್ಲಿ ಹಿಂದೆ ಇಳಿಬಿಡುವ ಬೀದಿಯ ಪರದೆ, ರಸ್ತೆ ಸೀನನ್ನೇ ತೆಗೆದುಕೊಳ್ಳಿ. ಎರಡೂ ಬದಿಗೆ ಮಾಳಿಗೆ ಮನೆಗಳು, ಹೋಗಹೋಗುತ್ತ ಕುಗ್ಗುವ ಕಂಬಗಳು, ದೂರದಲ್ಲೊಂದು ಬಿಂದುವಿನಲ್ಲಿ ಕೂಡುವ ಗೆರೆಗಳು. ಈ ಲೆಕ್ಕವನ್ನು ಫ್ಲಾರೆನ್ಸಿನ ಆಲ್ಬರ್ಟಿ 1435ರಲ್ಲಿ ಬರೆದಿಟ್ಟ. 1585ರ ಹೊತ್ತಿಗೆ ವಿಚೆಂಜಾದ ರಂಗಮಂದಿರದಲ್ಲಿ ಇಂಥ ಬೀದಿಗಳೇ ಎದ್ದು ನಿಂತಿದ್ದವು. ಮುಂದೆ ಆಸ್ಥಾನದ ರಂಗಮಂದಿರಗಳಲ್ಲಿ ಗೆರೆಗಳು ದೊರೆಯ ಆಸನಕ್ಕೆ ನೇರ. ಅವನಿಗೆ ಬೀದಿ ಸರಿ, ಮೂಲೆಯವರಿಗೆ ಸೊಟ್ಟ. ಅಂತಸ್ತನ್ನು ಗೆರೆಯಲ್ಲಿ ಬರೆದ ಕಲೆ ಅದು.

ನಮ್ಮ ನಾಟಕದ ಡೇರೆಯಲ್ಲೂ ಮುಂದೆ ಕುರ್ಚಿ, ಹಿಂದೆ ನೆಲ. ಆದರೆ ಬೀದಿ ಸೊಟ್ಟಗಿದೆಯೆಂದು ನೆಲದವರು ತಕರಾರು ತೆಗೆದದ್ದನ್ನು ನಾನು ಕೇಳಿಲ್ಲ. ಗೆರೆಗಳು ಕೂಡುವ ಜಾಗಕ್ಕೆ ಸರಿಯಾಗಿ ನಾಯಕ ಬಂದು ನಿಲ್ಲುತ್ತಾನೆ. ಹಿಂದೆ ಸರಿದರೆ ಅವನ ಪಗಡಿ ಎರಡನೇ ಮಾಳಿಗೆ ಮುಟ್ಟುತ್ತದೆ. ಯಾರೂ ನಗುವುದಿಲ್ಲ. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಒಂದು ಸುತ್ತು ಹಾಕಿದರೆ ದ್ವಾರಕೆ ಬಂತೆಂದು ಒಪ್ಪಿದ ಕಣ್ಣುಗಳವು. ಪರದೆಯನ್ನು ಬರಮಾಡಿಕೊಂಡವು, ಅದರ ಒಂಟಿಗಣ್ಣಿನ ಕಟ್ಟಳೆಯನ್ನು ಹೊರಗೇ ಬಿಟ್ಟವು.

ಈ ಪರದೆಯನ್ನು ನಕಲು ಎನ್ನುವ ಪಂಡಿತರು ಒಂದು ಕಡೆ, ಪರದೆ ಬಯಲಾಟವನ್ನು ಕೊಂದಿತು ಎಂದು ಅಳುವವರು ಇನ್ನೊಂದು ಕಡೆ. ಇಬ್ಬರೂ ಪರದೆಗೆ ಬೆನ್ನು ಮಾಡಿ ಕೂತವರು. ನೋಡುವವರ ಕಣ್ಣನ್ನು ಲೆಕ್ಕಕ್ಕೇ ಹಿಡಿದಿಲ್ಲ. ಕೊಲ್ಹಾಪುರದ ಬಾಬುರಾವ್ ಪೇಂಟರ್ ಸಿನಿಮಾಕ್ಕೆ ಮೊದಲು ಪರದೆ ಬರೆದು ಹೆಸರಾದವರು; ಗ್ರಂಥಗಳಲ್ಲಿ ಅದಕ್ಕೆ ಒಂದು ಸಾಲು. ಬೀಳಗಿಯ ನಟಿ ಗೋಹರಬಾಯಿಯ ಕಂಠಕ್ಕೆ ತಲೆದೂಗಿದವರಿಗೆ ಆಕೆಯ ಬೆನ್ನ ಹಿಂದಿನ ಬಣ್ಣ ಕಾಣಲಿಲ್ಲ. ಹಾಗೆಂದು ಎಲ್ಲ ಪರದೆಯೂ ಚೆಂದವೇನಲ್ಲ: ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಹಸ್ತಿನಾವತಿಗೂ ಕಿತ್ತೂರಿಗೂ ಅದೇ ಬೀದಿ. ಇರಲಿ.

ಈಗ ಬಾಡಿಗೆಯ ಸೀನುಗಳಲ್ಲಿ ಫ್ಲೆಕ್ಸ್ ಸೇರಿದೆ. ಅದರ ಮೇಲೆ ಕ್ಯಾಮೆರಾ ಹಿಡಿದ ಬೀದಿ. ರಬಕವಿ ಕಡೆಯ ಜಾತ್ರೆಯೊಂದರಲ್ಲಿ ಗೌಡನ ಪಾತ್ರಧಾರಿ ಮಾತಿನ ಭರದಲ್ಲಿ ಹಿಂದೆ ಸರಿದು, ಫೋಟೊದ ಬಾಗಿಲಿಗಿಂತ ಎತ್ತರವಾಗಿ ನಿಂತ. ನನ್ನ ಪಕ್ಕದ ಹುಡುಗರು ಕಿಸಕ್ಕನೆ ನಕ್ಕರು.