‘ನಿನ್ನ ನಾಮ’, ‘ನಿಮ್ಮ ನಾಮ’: ಪ್ರಾರ್ಥನಾಭಾಷೆಯ ಒಂದು ಸರ್ವನಾಮ

ಕರ್ತರ ಪ್ರಾರ್ಥನೆಯ ಗ್ರೀಕ್ ಮೂಲದಲ್ಲಿ ನಾಮ, ರಾಜ್ಯ, ಚಿತ್ತ ಎಂಬ ಮೂರು ಪದಗಳಿಗೂ ಹತ್ತಿರುವುದು ‘ಸೂ’ ಎಂಬ ಏಕವಚನದ ಷಷ್ಠೀರೂಪ. ಲತೀನ್ ಅದನ್ನು ಹಾಗೆಯೇ ಉಳಿಸಿಕೊಂಡಿತು. ಕನ್ನಡದಲ್ಲಿ ದಾರಿ ಕವಲೊಡೆಯಿತು: ಬೈಬಲ್ ಸೊಸೈಟಿಯ ಹಳೆಯ ಭಾಷಾಂತರವನ್ನು ಅನುಸರಿಸುವ ಪ್ರೊಟೆಸ್ಟೆಂಟ್ ಸಭೆಗಳು ‘ನಿನ್ನ’ ಎನ್ನುತ್ತವೆ, ಕಥೋಲಿಕರಾದ ನಾವು ‘ನಿಮ್ಮ’ ಎನ್ನುತ್ತೇವೆ.

ಈ ಕವಲು ನಮ್ಮದಷ್ಟೇ ಅಲ್ಲ. ಪೋರ್ಚುಗೀಸರಲ್ಲೂ ಕಥೋಲಿಕರು ಗೌರವದ ‘ವೋಸ್ಸು’ ರೂಪವನ್ನೂ, ಅಲ್ಮೇಯ್ಡ ಭಾಷಾಂತರದ ಪರಂಪರೆಯವರು ಆಪ್ತವಾದ ‘ತೆವು’ ರೂಪವನ್ನೂ ಬಳಸುತ್ತಾರೆ. ಫ್ರೆಂಚ್ ಕಥೋಲಿಕರು 1966ರಲ್ಲಿ, ಇತರ ಸಭೆಗಳೊಡನೆ ಒಪ್ಪಿದ ಪಾಠದಲ್ಲಿ, ಗೌರವರೂಪವನ್ನು ಬಿಟ್ಟು ಏಕವಚನಕ್ಕೆ ಬಂದರು.

ಪೋರ್ಚುಗೀಸಿನ ಇನ್ನೊಂದು ಪಾಠವೂ ನಮಗೆ ಸಲ್ಲುತ್ತದೆ. ‘ಅವನ’ ಎಂಬರ್ಥದ ‘ಸೆವು’ ಕಾಲಕ್ರಮದಲ್ಲಿ ‘ನಿಮ್ಮ’ ಎಂಬರ್ಥವನ್ನೂ ಪಡೆದು ಗೊಂದಲಕ್ಕೆ ಎಡೆಮಾಡಿತು. ನಮ್ಮ ‘ತಮ್ಮ’ ಎಂಬುದರ ಕಥೆಯೂ ಇದೇ. ಪ್ರಥಮ ಪುರುಷದ ಆತ್ಮಾರ್ಥಕ ರೂಪವಾದ ಅದು ವಿನಯದ ಮಧ್ಯಮಪುರುಷವೂ ಆಯಿತು. “ಯೇಸು ತಮ್ಮ ಚಿತ್ತವನ್ನು ನೆರವೇರಿಸಿದರು” ಎಂದು ತಂದೆಗೆ ಬಿನ್ನವಿಸಿದರೆ, ಚಿತ್ತ ಯಾರದು? ಗೆತ್ಸೆಮನೆಯಲ್ಲಿ ಯೇಸು ತನ್ನ ಚಿತ್ತವನ್ನೂ ತಂದೆಯ ಚಿತ್ತವನ್ನೂ ಬೇರ್ಪಡಿಸಿ ನುಡಿದದ್ದನ್ನು ನೆನೆದರೆ, ಇದು ಬರಿಯ ವ್ಯಾಕರಣದೋಷವಲ್ಲ.

ಚಿಂಚೋಳಿ, ಸೇಡಂ ಸೀಮೆಯ ಆಡುಮಾತಿನಲ್ಲಿ ಹಡೆದವ್ವನಿಗೆ ‘ನೀ’, ಗೌಡರಿಗೆ ‘ನೀವು’. ‘ನಿಮ್ಮ’ ಎಂಬುದು ಭಕ್ತಿಯ ನುಡಿಯಾಗಬಲ್ಲದು. ಆದರೆ ತಲೆಮಾರುಗಳಿಂದ ‘ನೀನು’ ಎನಿಸಿಕೊಂಡು, ಒಡೆಯನಿಗೆ ‘ನೀವು’ ಎನ್ನಲೇಬೇಕಾಗಿದ್ದ ದಲಿತ ವಿಶ್ವಾಸಿಯ ಕಿವಿಗೆ ಅದು ಒಡೆತನದ ನೆನಪನ್ನೂ ತರಬಲ್ಲದು. ಬಸವಣ್ಣನವರು ಕೂಡಲಸಂಗಮದೇವನಿಗೆ ‘ನಿನ್ನ’, ‘ನಿಮ್ಮ’ ಎರಡನ್ನೂ ಬಳಸಿದರು. ಸಲಿಗೆಯಿಂದ ಭಕ್ತಿಗೆ ಕುಂದಾಗಲಿಲ್ಲ. ‘ಅಬ್ಬಾ’ ಎಂದು ಕರೆಯುವ ಆತ್ಮವನ್ನು ಹೊಂದಿದವರಿಗೆ (ರೋಮ 8:15) ಆ ಸಲಿಗೆ ನಿಷಿದ್ಧವೇ?

‘ನಿಮ್ಮ’ ಎಂಬುದನ್ನು ಕಿತ್ತೊಗೆಯಬೇಕೆಂಬುದು ನಮ್ಮ ವಾದವಲ್ಲ. ಜನರು ಕಣ್ಣೀರಿನೊಡನೆ ಕಲಿತ ಪ್ರಾರ್ಥನೆಯನ್ನು ಪಂಡಿತರು ತಿದ್ದಲು ಅವಸರಿಸಬಾರದು. ಆದರೆ ಮೂರು ಮಾತು ಹೇಳಬೇಕು. ಆರಾಧನಾ ಪಾಠಗಳಲ್ಲಿ ಸಂದಿಗ್ಧ ತರುವ ‘ತಮ್ಮ’ವನ್ನು ಕೈಬಿಡಬೇಕು. ಅನ್ಯಸಭೆಯವರೊಡನೆ ಕೂಡಿ ಪ್ರಾರ್ಥಿಸುವಾಗ ‘ನಿನ್ನ’ ಎನ್ನಲು ಹಿಂಜರಿಯಬಾರದು. ಧರ್ಮೋಪದೇಶದಲ್ಲಿ ‘ನಿಮ್ಮ’ ಎಂಬುದರ ಹಿಂದೆ ಏಕವಚನವಿದೆಯೆಂದು ವಿವರಿಸಬೇಕು. ಆಗ ವಿಶ್ವಾಸಿಯು ಗೌರವದ ನುಡಿಯಲ್ಲೇ ತಂದೆಯನ್ನು ಕಾಣುವನು, ಗೌಡನನ್ನಲ್ಲ.